ಓದಿದ ಕಥೆಯ ಇನ್ನೊಂದು ಪುಸ್ತಕ

ವಾರಪತ್ರಿಕೆ ಮನೆಗೆ ಬಂದ ದಿನ ನಮ್ಮಲ್ಲಿ ಅನೇಕರು ಮೊದಲು ತೆರೆಯುವುದು ಧಾರಾವಾಹಿಯ ಪುಟವನ್ನು. ಕಳೆದ ವಾರ ಕಥಾನಾಯಕಿ ರೈಲು ನಿಲ್ದಾಣದಲ್ಲಿ ಒಬ್ಬಳೇ ನಿಂತಿದ್ದಳು. ಅವಳ ಗತಿ ಏನಾಯಿತೆಂದು ತಿಳಿಯುವವರೆಗೆ ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ನಮಗೆ ಪರಿವೆಯಿಲ್ಲ. ‘ಮುಂದಿನ ವಾರಕ್ಕೆ’ ಎಂಬ ಮಾತನ್ನು ಕಂಡು ನಿಟ್ಟುಸಿರು ಬಿಡದ ಓದುಗರು ವಿರಳ. ಆದರೆ ಅದೇ ಮನೆಯ ಆರು ವರ್ಷದ ಮಗು ಚಿತ್ರದ ಪುಸ್ತಕವೊಂದನ್ನು ಓದಿ ಮುಗಿಸಿ, ‘ಇವನದೇ ಇನ್ನೊಂದು ಪುಸ್ತಕ ಬೇಕು’ ಎಂದು ಕೇಳಲಿ, ಧಾರಾವಾಹಿಯಿಂದ ತಲೆಯೆತ್ತಿದ ತಂದೆಯೋ ತಾಯಿಯೋ ಥಟ್ಟನೆ ಹೇಳುತ್ತಾರೆ: “ಅದೇ ಕಥೆ ಎಷ್ಟು ಸಲ? ಬೇರೆ ಏನಾದರೂ ಓದು.”

ಈ ಮಾತನ್ನು ನಾನು ನಗೆಯಾಡುವುದಕ್ಕಾಗಿ ಹೇಳುತ್ತಿಲ್ಲ. ಮಕ್ಕಳ ಪುಸ್ತಕಗಳ ಮುಂದಿನ ಭಾಗಗಳ ಬಗ್ಗೆ ಹೆತ್ತವರಿಗೆ ಇರುವ ಅಭಿಪ್ರಾಯಗಳನ್ನು ಕೆಲವು ವರ್ಷಗಳಿಂದ ಬಹು ಸಮೀಪದಿಂದ ಕೇಳುತ್ತ ಬಂದಿದ್ದೇನೆ. ಅವುಗಳಲ್ಲಿ ತೂಕವುಳ್ಳವೂ ಇವೆ, ಅವಸರದವೂ ಇವೆ. ಎಲ್ಲಕ್ಕಿಂತ ಹೆಚ್ಚು ತೂಕದ ಮಾತು ಯಾರ ಬಾಯಿಂದ ಬಂತು ಎಂಬುದನ್ನು ಹೇಳಬೇಕೆಂದೇ ಈ ಬರಹ.

ನಮ್ಮ ಊರು ಭಾರತೀನಗರ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿದೆ. ಹಳಬರಿಗೆ ಇದು ಇಂದಿಗೂ ಕಾಳಮುದ್ದನದೊಡ್ಡಿ, ಅವಸರದಲ್ಲಿರುವವರಿಗೆ ಕೆ.ಎಂ. ದೊಡ್ಡಿ. ಭಾರತೀ ಕಾಲೇಜು, ಸಕ್ಕರೆ ಕಾರ್ಖಾನೆ, ಸುತ್ತ ಕಬ್ಬಿನ ಗದ್ದೆ: ಇವಿಷ್ಟನ್ನು ಹೇಳಿದರೆ ನೋಡದವರಿಗೂ ಊರಿನ ಚಹರೆ ತಿಳಿದೀತು. ಪ್ರಾಥಮಿಕ ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ಮನೆಯ ಜಗುಲಿಯಲ್ಲಿ ಒಂದು ಮರದ ಬೀರು ಇರಿಸಿ, ಅದರಲ್ಲಿ ಮಕ್ಕಳ ಪುಸ್ತಕಗಳನ್ನು ಜೋಡಿಸಿದ್ದೇನೆ. ಬೀದಿಯ ಮಕ್ಕಳು ಬಂದು ಓದುತ್ತಾರೆ, ಮನೆಗೂ ಒಯ್ಯುತ್ತಾರೆ. ಸಂಜೆ ಅವರನ್ನು ಕರೆದೊಯ್ಯಲು ಬರುವ ಹಿರಿಯರು ಜಗುಲಿಯ ಅಂಚಿನಲ್ಲಿ ಒಂದು ಗಳಿಗೆ ಕುಳಿತು ಮಾತಾಡುತ್ತಾರೆ. ನನ್ನ ಬಂಡವಾಳವೆಲ್ಲ ಆ ಮಾತುಗಳೇ.

ಆ ಬೀರುವಿನಲ್ಲಿ ಅತಿ ಹೆಚ್ಚು ಕೈ ಬದಲಾಯಿಸಿದವನು ಶೃಂಗೇರಿ ಶ್ರೀನಿವಾಸ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯ ಪುಸ್ತಕಗಳ ನಾಯಕ ಈತ. ರೋಹಿಣಿ ನಿಲೇಕಣಿಯವರು ‘ನೋನಿ’ ಎಂಬ ಹೆಸರಿನಿಂದ ಇವನನ್ನು ಸೃಷ್ಟಿಸಿದರು. ಆ್ಯಂಜಿ ಮತ್ತು ಉಪೇಶ್ ಎಂಬವರು ಚಿತ್ರ ಬರೆದರು. ಒಂದು ಪುಸ್ತಕದಲ್ಲಿ ಇವನು ವರ್ಷಕ್ಕೊಮ್ಮೆ ಕೂದಲು ಕತ್ತರಿಸಿಕೊಳ್ಳುವ ದಿನ. ಆದರೆ ಆ ದಿನವೇ ಊರಿನಲ್ಲಿ ಯಾರಿಗೂ ಪುರುಸೊತ್ತಿಲ್ಲ! ಕೊನೆಗೆ ಹುಲಿಯೊಂದರ ದೆಸೆಯಿಂದ ವಿಷಯ ಇತ್ಯರ್ಥವಾಗುತ್ತದೆ. ಹೇಗೆಂದು ನಾನು ಹೇಳಿಬಿಟ್ಟರೆ ಮಕ್ಕಳು ನನ್ನನ್ನು ಕ್ಷಮಿಸುವುದಿಲ್ಲ. ಮತ್ತೊಂದು ಪುಸ್ತಕದಲ್ಲಿ ಇವನ ತೋಟದಲ್ಲಿ ಬಾಳೆಹಣ್ಣು ವಿಪರೀತ ಬೆಳೆದುಬಿಡುತ್ತದೆ. ಮನೆಯವರಿಗೆ ಬೇಡ, ನೆರೆಹೊರೆಯವರಿಗೆ ಬೇಡ, ಹಸುಗಳಿಗೂ ಬೇಡ. ಕೆಲವೇ ಪುಟ, ಪುಟಕ್ಕೆ ಒಂದೆರಡು ವಾಕ್ಯ, ಉಳಿದದ್ದೆಲ್ಲ ಚಿತ್ರ. ಕ್ಷೌರದ ಪುಸ್ತಕ ಓದಿದ ಮಗು ಮರುದಿನ ಬಂದು ಕೇಳುವ ಪ್ರಶ್ನೆ ಒಂದೇ: “ಶ್ರೀನಿವಾಸಂದು ಇನ್ನೊಂದು ಅದೆಯಾ?”

ಈಗ ಹೆತ್ತವರ ಕಡೆಗೆ ತಿರುಗೋಣ. ಮೊದಲನೆಯವರು ಒಬ್ಬ ದಿನಸಿ ಅಂಗಡಿಯವರು. ಲೆಕ್ಕಾಚಾರದ ಮನುಷ್ಯ, ಮಗನ ಮೇಲೆ ಬಹಳ ಆಸೆ ಇಟ್ಟುಕೊಂಡವರು. “ಒಂದು ಸಲ ಅವನ ಕೂದಲು ಕತ್ತರಿಸಿದ್ದಾಯ್ತಲ್ಲ ಮೇಷ್ಟ್ರೇ, ಮತ್ತೆ ಅವನ ಮನೆ ಬಾಗಿಲಿಗೆ ಯಾಕೆ ಹೋಗಬೇಕು? ಅಷ್ಟು ಹೊತ್ತಿನಲ್ಲಿ ಬೇರೆ ಒಂದು ವಿಷಯ ತಿಳ್ಕೊಳ್ಳಬಹುದಲ್ಲ?” ಎಂಬುದು ಅವರ ವಾದ. ತಾವು ಹುಡುಗನಾಗಿದ್ದಾಗ ಓದಿದ ‘ಭಾರತ-ಭಾರತಿ’ ಪುಸ್ತಕಗಳನ್ನು ಅವರು ಉದಾಹರಣೆಯಾಗಿ ಕೊಡುತ್ತಾರೆ. ರಾಷ್ಟ್ರೋತ್ಥಾನ ಪರಿಷತ್ತು 1970ರ ದಶಕದಲ್ಲಿ ಹೊರತರಲು ಆರಂಭಿಸಿ, ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 510ರವರೆಗೆ ಬೆಳೆಸಿದ ಪುಟ್ಟ ಪುಸ್ತಕಗಳ ಆ ಮಾಲೆಯನ್ನು ಕರ್ನಾಟಕದ ಎಷ್ಟೋ ಮನೆಗಳು ಬಲ್ಲವು. ಅಂಗೈಯಗಲದ ಪುಸ್ತಕ, ಒಂದೊಂದರಲ್ಲಿ ಒಬ್ಬೊಬ್ಬ ಮಹಾವ್ಯಕ್ತಿಯ ಚರಿತ್ರೆ. ಒಂದನ್ನು ಮುಗಿಸಿ ಮತ್ತೊಂದನ್ನು ಹಿಡಿದರೆ ಮತ್ತೊಬ್ಬ ಮಹಾಪುರುಷ. ಖರ್ಚು ಮಾಡಿದ ಕಾಸಿಗೂ ಕಾಲಕ್ಕೂ ಹೊಸ ಸಂಪಾದನೆ ಇದ್ದೇ ಇದೆ!

ಅಂಗಡಿಯವರ ಮಾತು ತಳ್ಳಿಹಾಕುವಂಥದಲ್ಲ. ಹಣ ಎಣಿಸಿ ಖರ್ಚು ಮಾಡುವ ಮನೆಯಲ್ಲಿ ‘ಇದರಿಂದ ಹೊಸದಾಗಿ ಏನು ಬಂತು?’ ಎಂಬುದು ನ್ಯಾಯವಾದ ಪ್ರಶ್ನೆ. ಆದರೆ ‘ಭಾರತ-ಭಾರತಿ’ಯನ್ನು ಓದುವ ಮಗು ಆಗಲೇ ಓದಲು ಕಲಿತ ಮಗು, ಅದಕ್ಕೆ ಅಕ್ಷರದ ಭಯ ಹೋಗಿದೆ, ವಿಷಯದ ಹಸಿವು ಹುಟ್ಟಿದೆ. ಚಿತ್ರದ ಪುಸ್ತಕ ಹಿಡಿದ ಮಗು ಇನ್ನೂ ಹೊಸ್ತಿಲಿನ ಆಚೆ ನಿಂತಿದೆ. ಒಳಗೆ ಎಷ್ಟು ಕೋಣೆಗಳಿವೆ ಎಂಬುದಕ್ಕಿಂತ, ಒಳಗೆ ಪರಿಚಯದವರು ಯಾರಾದರೂ ಇದ್ದಾರೆಯೇ ಎಂಬುದು ಅದಕ್ಕೆ ಮುಖ್ಯ. ಹೊಸ ಊರಿಗೆ ಹೋದಾಗ ನಾವು ಹುಡುಕುವುದೂ ಮೊದಲು ನೆಂಟರ ಮನೆಯನ್ನೇ ಅಲ್ಲವೇ?

ಎರಡನೆಯವರು ಪ್ರೌಢಶಾಲೆಯ ಅಧ್ಯಾಪಕಿ. ಇಬ್ಬರು ಹೆಣ್ಣುಮಕ್ಕಳ ತಾಯಿ. ತಾವೇ ಬಹಳ ಓದಿದವರು. ಅವರ ಆಕ್ಷೇಪಣೆ ಸೂಕ್ಷ್ಮವಾದದ್ದು. “ಮೊದಲ ಪುಸ್ತಕವನ್ನು ಲೇಖಕರು ಹೇಳಲೇಬೇಕಾದ ಕಥೆಯಿದ್ದು ಬರೆಯುತ್ತಾರೆ, ಎರಡನೆಯದನ್ನು ಮೊದಲನೆಯದು ಮಾರಾಟವಾಯಿತೆಂದು ಬರೆಯುತ್ತಾರೆ. ಮೂರನೆಯದರ ಹೊತ್ತಿಗೆ ಹೆಸರು ಮಾತ್ರ ಉಳಿದು ಕಥೆ ಬತ್ತಿರುತ್ತದೆ. ಮಗುವಿನ ಅಭ್ಯಾಸವನ್ನು ವ್ಯಾಪಾರಕ್ಕೆ ಬಳಸಿಕೊಳ್ಳುವುದು ಸರಿಯೇ?” ಎಂದು ಕೇಳುತ್ತಾರೆ.

ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಲೋಕದ ಅನುಭವ ಎರಡು ಬಗೆಯಾಗಿ ಕಾಣುತ್ತದೆ. ಅಮೆರಿಕದ ಮಾರಿಸ್ ಸೆಂಡಾಕ್ 1963ರಲ್ಲಿ ಕಾಡುಪ್ರಾಣಿಗಳಂಥ ದೈತ್ಯರ ದೇಶಕ್ಕೆ ಹೋಗಿಬರುವ ಹುಡುಗನೊಬ್ಬನ ಚಿತ್ರಪುಸ್ತಕ ಬರೆದು ಜಗತ್ಪ್ರಸಿದ್ಧನಾದ; ಆದರೆ ಅದರ ಮುಂದಿನ ಭಾಗವನ್ನು ಬರೆಯಲು ಕೊನೆಯವರೆಗೂ ಒಪ್ಪಲಿಲ್ಲ. ಆ ಹುಡುಗ ಮನೆಗೆ ಮರಳಿದ, ಕಥೆ ಮುಗಿಯಿತು. ನಮ್ಮ ಅಧ್ಯಾಪಕಿ ಇದನ್ನು ಕೇಳಿದರೆ ಚಪ್ಪಾಳೆ ತಟ್ಟಿಯಾರು. ಇನ್ನೊಂದು ಕಡೆ ಇಂಗ್ಲೆಂಡಿನ ಪಾದ್ರಿ ಆಡ್ರಿಯವರನ್ನು ನೋಡಿ. ದಡಾರ ಬಂದು ಹಾಸಿಗೆ ಹಿಡಿದ ಮಗ ಕ್ರಿಸ್ಟೊಫರನನ್ನು ಸಂತೈಸಲು ರೈಲು ಎಂಜಿನುಗಳ ಕಥೆ ಹೇಳತೊಡಗಿದರು. ಮಗ ಬಿಡಲಿಲ್ಲ, ಆಮೇಲೇನಾಯಿತು, ಆಮೇಲೇನಾಯಿತು ಎಂದು ಕೇಳಿದ. ಅದು 1945ರಲ್ಲಿ ಪುಸ್ತಕವಾಯಿತು. 1972ರವರೆಗೆ ಆಡ್ರಿ 26 ಪುಸ್ತಕ ಬರೆದು ನಿಲ್ಲಿಸಿದರು. 1983ರಿಂದ ಆ ಮಗನೇ ಮಾಲೆಯನ್ನು ಮುಂದುವರಿಸಿದ! ಅಲ್ಲಿ ಮುಂದಿನ ಭಾಗ ಹುಟ್ಟಿದ್ದು ಮಗುವಿನ ಹಾಸಿಗೆಯ ಪಕ್ಕದಲ್ಲಿ. ವ್ಯಾಪಾರ ಆಮೇಲೆ ಬಂತು.

ಅಷ್ಟು ದೂರ ಹೋಗುವುದೇಕೆ? ‘ಚಂದಮಾಮ’ವನ್ನು ನೆನೆದುಕೊಳ್ಳಿ. 1947ರ ಜುಲೈಯಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಮದರಾಸಿನಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಆ ಮಾಸಪತ್ರಿಕೆ ಬೇಗನೆ ಕನ್ನಡಕ್ಕೂ ಬಂತು. ಅದರ ಬೇತಾಳ ಕಥೆಗಳನ್ನು ಓದದ ಹಿರಿಯರು ನಮ್ಮಲ್ಲಿ ಕಡಿಮೆ. ಹಳೆಯ ಸಂಸ್ಕೃತ ಕಥೆಯಲ್ಲಿ ಬೇತಾಳ ಹೇಳಿದ್ದು ಇಪ್ಪತ್ತೈದೇ ಕಥೆ. ಪತ್ರಿಕೆಯಲ್ಲಿ ಅದು ಮುಗಿಯಲೇ ಇಲ್ಲ. ಇಪ್ಪತ್ತೈದು ತೀರಿದ ಮೇಲೆ ಹೊಸ ಹೊಸ ಕಥೆಗಳನ್ನು ಕಟ್ಟಿ ಅದೇ ರಾಜ, ಅದೇ ಹೆಣ, ಅದೇ ಮರದಿಂದ ದಶಕಗಟ್ಟಲೆ ನಡೆಸಿದರು. ಹೆಗಲ ಮೇಲೆ ಹೆಣ ಹೊತ್ತು, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ವಿಕ್ರಮನನ್ನು ಚಿತ್ರಕಾರ ಶಂಕರ್ ತಿಂಗಳು ತಿಂಗಳೂ ಬರೆದರು. ‘ಈ ರಾಜನಿಗೆ ಬೇರೆ ಕೆಲಸವಿಲ್ಲವೇ?’ ಎಂದು ಯಾವ ಮಗುವೂ ಕೇಳಲಿಲ್ಲ. ಬೇತಾಳ ಮರಕ್ಕೆ ಹಾರಿಹೋಗುವುದು ಗೊತ್ತಿದ್ದೇ ಓದುತ್ತಿದ್ದೆವು. ಹಾರದೆ ಇದ್ದಿದ್ದರೆ ಕಳವಳವಾಗುತ್ತಿತ್ತು. ಆದರೆ ಗಮನಿಸಿ: ಹೊರಗಿನ ಚೌಕಟ್ಟು ಅದೇ ಆದರೂ ಒಳಗಿನ ಕಥೆ, ಅದರ ಕೊನೆಯ ಒಗಟು, ಪ್ರತಿ ಸಲ ಹೊಸದು. ಅಧ್ಯಾಪಕಿಯವರ ಆಕ್ಷೇಪಣೆಗೆ ಇದರಲ್ಲಿ ಅರ್ಧ ಉತ್ತರವಿದೆ. ಕಥೆ ಬತ್ತಿದರೆ ಅವರು ಹೇಳಿದ್ದೇ ಸರಿ. ಬತ್ತದಿದ್ದರೆ ನಾಯಕ ಹಳಬನಾದುದು ದೋಷವಲ್ಲ.

ಮೂರನೆಯವರು ಒಬ್ಬ ಕಬ್ಬಿನ ಬೆಳೆಗಾರರು. ಮೊಮ್ಮಗನನ್ನು ಕರೆದೊಯ್ಯಲು ಬಂದವರು. ಕ್ಷೌರದ ಪುಸ್ತಕವನ್ನು ತಿರುವಿ ನೋಡಿ, ‘ಮಕ್ಕಳಾಟಿಕೆ’ ಎಂದು ಕೆಳಗಿಟ್ಟಿದ್ದರು. ಒಂದು ಸಂಜೆ ಮೊಮ್ಮಗ ಬಾಳೆಹಣ್ಣಿನ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಾಗ ಅವರ ಕಿವಿ ನಿಮಿರಿತು. ಬೆಳೆದ ಹಣ್ಣು ಯಾರಿಗೂ ಬೇಡವಾಯಿತು ಎಂಬಲ್ಲಿಗೆ ಬಂದಾಗ ಅವರು ಗೊಳ್ಳೆಂದು ನಕ್ಕರು. ನಕ್ಕು ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದರು. “ಇದು ನಮ್ಮ ಕತೆ ಕಣ್ರೀ ಮೇಷ್ಟ್ರೇ. ಎಲ್ಲಾರೂ ಒಂದನ್ನೇ ಬೆಳೆದ್ರೆ ಕೇಳೋರ್ಯಾರು? ಟೊಮೇಟೊ ರಸ್ತೆಗೆ ಸುರಿದಿದ್ದು ನೋಡಿಲ್ವಾ?” ಎಂದರು. ಮೊದಲ ಪುಸ್ತಕದಲ್ಲಿ ಅವರಿಗೆ ಸ್ಥಳವಿರಲಿಲ್ಲ. ಎರಡನೆಯದರಲ್ಲಿ ಅವರ ಜೀವನವೇ ಇತ್ತು. ಅಂದಿನಿಂದ ಅಜ್ಜ ಮೊಮ್ಮಗ ಇಬ್ಬರಿಗೂ ಆ ಪುಸ್ತಕ ಮಾತಿಗೆ ಒಂದು ನೆವವಾಯಿತು. ಒಳ್ಳೆಯ ಮುಂದಿನ ಭಾಗವೆಂದರೆ ನಾಯಕನಿಗೆ ಮತ್ತೊಂದು ಸಾಹಸವಷ್ಟೇ ಅಲ್ಲ, ಮತ್ತೊಬ್ಬ ಓದುಗನಿಗೆ ಒಂದು ಬಾಗಿಲು ಎಂಬುದು ನನಗೆ ಅವರಿಂದ ತಿಳಿಯಿತು.

ಇನ್ನು ಕೆಲವು ಕಿರಿಯ ತಂದೆತಾಯಿಗಳು ಹೇಳುವುದು ಬೇರೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ‘ಸ್ಟೋರಿವೀವರ್’ ಎಂಬ ಜಾಲತಾಣ ತೆರೆದು ತಮ್ಮ ಪುಸ್ತಕಗಳನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದುವಂತೆ ಮಾಡಿದ್ದಾರೆ. ‘ಫೋನಿನಲ್ಲೇ ಸಿಗುವಾಗ ಎರಡನೆಯ ಪುಸ್ತಕ ಕೊಳ್ಳುವುದೇಕೆ?’ ಎಂದು ಇವರ ಪ್ರಶ್ನೆ. ಕೊಳ್ಳಲೇಬೇಕೆಂದು ನಾನು ಹೇಳುವುದಿಲ್ಲ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವೂ ದೊರೆಯಿತು. ಪುಸ್ತಕ ಎಲ್ಲಿಂದ ಬಂತು ಎಂಬುದು ದೊಡ್ಡ ವಿಷಯವಲ್ಲ. ಆದರೆ ಮನೆಯಲ್ಲಿ ಫೋನು ಒಂದೇ, ಅದು ತಂದೆಯ ಜೇಬಿನಲ್ಲಿ. ತಂದೆ ರಾತ್ರಿ ಮನೆಗೆ ಬರುವ ಹೊತ್ತಿಗೆ ಮಗುವಿಗೆ ನಿದ್ರೆ. ಕೈಗೆ ಸಿಕ್ಕುವ, ದಿಂಬಿನ ಕೆಳಗಿಡಬಹುದಾದ ಪುಸ್ತಕದ ಮಾತೇ ಬೇರೆ.

ಇಷ್ಟು ಜನರೂ ಓದುಬರಹ ಬಲ್ಲವರು. ಪುಸ್ತಕವನ್ನು ತೆರೆದು ನೋಡಿ ತೀರ್ಪು ಕೊಡಬಲ್ಲವರು. ಓದಲು ಬಾರದ ತಂದೆತಾಯಿಗಳ ಅಭಿಪ್ರಾಯವನ್ನು ಈ ವಿಷಯದಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಅವರೇ ‘ನಮಗೇನು ಗೊತ್ತು?’ ಎಂದು ಹಿಂದೆ ಸರಿಯುತ್ತಾರೆ. ಆದರೆ ನನ್ನ ಮನಸ್ಸಿನಲ್ಲಿ ನಿಂತ ಮಾತು ಅಂಥವರೊಬ್ಬರದು.

ಆಕೆ ಕೂಲಿ ಮಾಡುವ ಹೆಂಗಸು. ಕಬ್ಬು ಕಡಿಯುವ ಕಾಲದಲ್ಲಿ ಬೆಳಗಿನ ಜಾವಕ್ಕೇ ಗದ್ದೆಗೆ ಹೋದರೆ ಮರಳುವುದು ಸಂಜೆಗೆ. ಮಗಳು 2020ರಲ್ಲಿ ಒಂದನೆಯ ತರಗತಿಗೆ ಸೇರಬೇಕಾಗಿತ್ತು. ಹೆಸರು ದಾಖಲಾಯಿತು, ಶಾಲೆಯ ಬಾಗಿಲು ತೆರೆಯಲಿಲ್ಲ. ಕೊರೋನ ಕಾಲದಲ್ಲಿ ಮುಚ್ಚಿದ್ದ ಕಿರಿಯ ತರಗತಿಗಳು ನಮ್ಮ ರಾಜ್ಯದಲ್ಲಿ ಪುನಃ ಆರಂಭವಾದದ್ದು 2021ರ ಅಕ್ಟೋಬರ್ 25ರಂದು. ಅಷ್ಟು ಹೊತ್ತಿಗೆ ಮಗು ಎರಡನೆಯ ತರಗತಿ. ಅ, ಆ ಬರೆಯುವ ವರ್ಷ ಮನೆಯಂಗಳದಲ್ಲಿ ಕಳೆದುಹೋಗಿತ್ತು. ಒತ್ತಕ್ಷರದ ವರ್ಷ ಎದುರಿಗೆ ನಿಂತಿತ್ತು. ಓದೆಂದರೆ ಎದ್ದು ಹೋಗುತ್ತಿದ್ದಳು. “ದಡ್ಡಿ ಅಂತಾರೆ, ನಾ ಸ್ಕೂಲಿಗೆ ಹೋಗಾಕಿಲ್ಲ” ಎಂದು ಒಂದು ದಿನ ಹಟ ಹಿಡಿದಳೆಂದು ತಾಯಿ ಕಣ್ಣೀರಿಟ್ಟಳು. ಶಾಲೆಗೆ ಬೆನ್ನು ತಿರುಗಿಸಿದ ಹೆಣ್ಣುಮಗುವಿನ ದಾರಿ ಎಲ್ಲಿಗೆ ಹೋಗುತ್ತದೆಂದು ಆ ತಾಯಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಕೆಯೇ ಆ ದಾರಿಯಲ್ಲಿ ಬಂದವಳು.

ಆ ಹುಡುಗಿ ಜಗುಲಿಗೆ ಬಂದದ್ದು ಓದುವುದಕ್ಕಲ್ಲ, ಚಿತ್ರ ನೋಡುವುದಕ್ಕೆ. ಕ್ಷೌರದ ಪುಸ್ತಕವನ್ನು ನಾನು ಅವಳಿಗೆ ಮೂರು ನಾಲ್ಕು ಸಲ ಓದಿ ಹೇಳಿದೆ. ಆಮೇಲೆ ಅವಳು ಅದನ್ನು ಮನೆಗೊಯ್ದು, ಚಿತ್ರಗಳ ಮೇಲೆ ಬೆರಳಾಡಿಸುತ್ತ ತಾಯಿಗೆ ಕಥೆ ಹೇಳಿದಳು. ಎಂಟು ದಿನದ ಮೇಲೆ ಬಾಳೆಹಣ್ಣಿನ ಪುಸ್ತಕ ಕೇಳಿದಳು. ಇಲ್ಲೊಂದು ಸಂಗತಿಯನ್ನು ಅಧ್ಯಾಪಕನಾಗಿದ್ದವನ ಕಣ್ಣಿನಿಂದ ಹೇಳಬೇಕು. ‘ಶೃಂಗೇರಿ ಶ್ರೀನಿವಾಸ’ ಎಂಬ ಹೆಸರಿನಲ್ಲಿ ‘ಶೃ’ ಇದೆ, ಅನುಸ್ವಾರ ಇದೆ, ‘ಶ್ರೀ’ ಇದೆ. ಅಕ್ಷರ ಕಲಿಯುವ ಮಗುವಿಗೆ ಇದಕ್ಕಿಂತ ಕಠಿಣವಾದ ಹೆಸರನ್ನು ಹುಡುಕಿ ತರುವುದು ಕಷ್ಟ. ಆದರೆ ಆ ಹೆಸರು ಪುಟಪುಟಕ್ಕೂ ಬರುತ್ತದೆ. ಎರಡನೆಯ ಪುಸ್ತಕ ತೆರೆದಾಗ ಅವಳು ಬೆರಳಿಟ್ಟು ತಡವರಿಸದೆ ಓದಿದ ಮೊದಲ ಪದ ಅದೇ! ಇಡೀ ಪುಸ್ತಕದಲ್ಲಿ ಅತ್ಯಂತ ಕಷ್ಟದ ಪದ ಅವಳಿಗೆ ಅತ್ಯಂತ ಸುಲಭವಾಗಿತ್ತು. ಏಕೆಂದರೆ ಅದು ಅಕ್ಷರಗಳ ಗುಂಪಲ್ಲ, ಒಬ್ಬ ಮನುಷ್ಯನ ಮುಖ. ಅದರಿಂದ ಹಿಡಿದು ‘ಬಾಳೆ’, ‘ಹಣ್ಣು’, ‘ಹಸು’ ಎಂದು ಒಂದೊಂದೇ ಪದವನ್ನು ಬಿಡಿಸಿಕೊಳ್ಳುತ್ತ ಹೋದಳು.

ಪೂರ್ತಿ ಹೊಸ ಪುಸ್ತಕದಲ್ಲಿ ಮಗುವಿಗೆ ಎಲ್ಲವೂ ಹೊಸದು: ಊರು ಯಾವುದು, ಇವನು ಯಾರು, ಒಳ್ಳೆಯವನೋ ಕೆಟ್ಟವನೋ, ನಗಬೇಕೋ ಹೆದರಬೇಕೋ? ಇಷ್ಟನ್ನೂ ತಿಳಿದುಕೊಳ್ಳುತ್ತಲೇ ಅಕ್ಷರಗಳನ್ನೂ ಬಿಡಿಸಬೇಕು. ಮುಂದಿನ ಭಾಗದಲ್ಲಿ ಮೊದಲಿನದೆಲ್ಲ ಗೊತ್ತಿರುತ್ತದೆ. ಉಳಿದ ಶಕ್ತಿಯೆಲ್ಲ ಅಕ್ಷರಕ್ಕೆ. ಅಂಗಡಿಯವರು ಕೇಳಿದ ‘ಹೊಸದಾಗಿ ಬಂದದ್ದೇನು?’ ಎಂಬ ಪ್ರಶ್ನೆಗೆ ಉತ್ತರ ಇದು: ಕಥೆಯ ಜನ ಹಳಬರಾದ್ದರಿಂದಲೇ ಓದು ಹೊಸದಾಗಿ ಬಂತು.

ಇರಲಿ, ತಾಯಿಯ ಮಾತಿಗೆ ಬರುತ್ತೇನೆ. ಒಂದು ಸಂಜೆ ಆಕೆ ಮಗಳನ್ನು ಕರೆದೊಯ್ಯಲು ಬಂದಾಗ ಅಂಗಡಿಯವರೂ ಅಲ್ಲಿದ್ದರು. ತಮ್ಮ ಎಂದಿನ ವಾದವನ್ನು ನನ್ನ ಮುಂದೆ ಮಂಡಿಸುತ್ತಿದ್ದರು. ಆಕೆ ಕೆಳಗಿನ ಮೆಟ್ಟಿಲ ಬಳಿ ನಿಂತು ಕೇಳಿಸಿಕೊಂಡಳು. ನಾನೇ ಕರೆದು, “ನೀನೇನು ಹೇಳ್ತೀಯವ್ವ? ನಿನ್ನ ಮಗಳೂ ಅದೇ ಶ್ರೀನಿವಾಸನ್ನ ಹಿಡಕೊಂಡಿದ್ದಾಳಲ್ಲ?” ಎಂದು ಕೇಳಿದೆ. ಆಕೆ ಸೆರಗನ್ನು ಸರಿಮಾಡಿಕೊಂಡು, ನೆಲ ನೋಡುತ್ತ ಹೇಳಿದಳು: “ನಂಗೆ ಓದಾಕೆ ಬರಾಕಿಲ್ಲ ಮೇಷ್ಟ್ರೇ. ಬ್ಯಾರೆ ಪುಸ್ತಕ ತಂದ್ರೆ ಅದು ಯಾರೋ ಏನೋ ನಂಗೆ ತಿಳಿಯಾಕಿಲ್ಲ. ಇವನಾದ್ರೆ ನಂಗೂ ಗೊತ್ತು. ಚಿತ್ರ ನೋಡಿ ನಾನೂ ಒಂದು ಮಾತು ಆಡಬೌದು. ಮಾದಪ್ಪನ ಒಂದು ಸಾಲು ಕೇಳಿದೋರು ಇನ್ನೊಂದು ಸಾಲು ಬ್ಯಾಡ ಅಂದಾರಾ?”

ಅಂಗಡಿಯವರು ತುಟಿ ಬಿಚ್ಚಲಿಲ್ಲ. ನಮ್ಮ ಸೀಮೆಯವರಿಗೆ ಆ ಮಾತಿನ ತೂಕ ವಿವರಿಸಬೇಕಾದ್ದಿಲ್ಲ. ದೂರದ ಓದುಗರಿಗಾಗಿ ಎರಡು ಮಾತು. ಮಲೆಯ ಮಾದೇಶ್ವರನ ಕಾವ್ಯವನ್ನು ದೇವರಗುಡ್ಡರು ಕಂಸಾಳೆಯ ತಾಳಕ್ಕೆ ರಾತ್ರಿಯಿಡೀ ಹಾಡುತ್ತಾರೆ. ಆ ಕಾವ್ಯ ‘ಸಾಲು’ಗಳಾಗಿ ಹಂಚಿಹೋಗಿದೆ: ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಹೀಗೆ. ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರು ಹಾಡುವ ಕ್ರಮವೂ ಇಂಥದೇ. ಆ ಪರಂಪರೆಯ ಗದ್ದುಗೆಗಳಲ್ಲಿ ಒಂದಾದ ಬೊಪ್ಪೇಗೌಡನಪುರ ಇರುವುದು ನಮ್ಮ ಪಕ್ಕದ ಮಳವಳ್ಳಿ ತಾಲ್ಲೂಕಿನಲ್ಲಿಯೇ. ಒಂದು ಸಾಲನ್ನು ಕೇಳಿದವರು ಇನ್ನೊಂದನ್ನು ಕೇಳಲು ಹಾತೊರೆಯುತ್ತಾರೆ. ಕೇಳಿದ್ದನ್ನೇ ಇನ್ನೊಂದು ಜಾತ್ರೆಯಲ್ಲಿ ಕೇಳುತ್ತಾರೆ. ‘ಕಾಳಮ್ಮನ ಗರ್ವ ಮುರಿದದ್ದಾಯಿತಲ್ಲ, ಮಾದಪ್ಪ ಮತ್ತೇಕೆ ಬರಬೇಕು?’ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಅಕ್ಷರ ಬಾರದ ಆ ತಾಯಿ ನನಗೆ ಅಂದು ಒಂದು ಅಳತೆಗೋಲನ್ನೇ ಕೊಟ್ಟಳು. ಸಾಲಿನ ಗುಣವೇನು? ಒಂದು: ಪ್ರತಿ ಸಾಲೂ ತನ್ನಷ್ಟಕ್ಕೆ ಪೂರ್ಣ. ಕಾಳಮ್ಮನ ಸಾಲು ಕೇಳಲು ಸಂಕಮ್ಮನ ಸಾಲು ಕೇಳಿರಲೇಬೇಕೆಂದಿಲ್ಲ. ಎರಡು: ಮಾದಪ್ಪ ಅವನೇ, ಆದರೆ ಅವನು ಹೋಗುವ ಊರು ಬೇರೆ, ಎದುರಾಗುವ ಮನುಷ್ಯರು ಬೇರೆ, ಬರುವ ಪರೀಕ್ಷೆ ಬೇರೆ. ಸಂದೇಹದ ಗಂಡನ ಕೈಯಲ್ಲಿ ನೊಂದ ಸಂಕಮ್ಮನ ಸಂಕಟ ಒಂದು ಬಗೆ; ಭಿಕ್ಷೆ ಬೇಡಲು ಬಂದವನನ್ನು ತಿರಸ್ಕರಿಸಿದ ಕಾಳಮ್ಮನ ಸಿರಿಯ ಮದ ಇನ್ನೊಂದು ಬಗೆ. ಮೂರು: ಕೇಳುವವರಲ್ಲಿ ಅಕ್ಷರಸ್ಥ, ಅನಕ್ಷರಸ್ಥ ಎಂಬ ಭೇದವಿಲ್ಲ; ಅಜ್ಜಿ ಮೊಮ್ಮಗಳು ಒಂದೇ ಚಾಪೆಯ ಮೇಲೆ ಕೂರಬಹುದು.

ಈ ಮೂರು ಗುಣಗಳುಳ್ಳ ಮುಂದಿನ ಭಾಗವನ್ನು ಮಗು ಕೇಳಿದರೆ ಸಂಕೋಚವಿಲ್ಲದೆ ಕೊಡಿಸಬಹುದೆಂದು ನನ್ನ ಮತ. ಇದಕ್ಕೆ ವಿರುದ್ಧವಾದುದೂ ಉಂಟು: ಕಥೆಯನ್ನು ನಡುವೆ ತುಂಡರಿಸಿ, ಮಗುವನ್ನು ಕೊಕ್ಕೆಗೆ ಸಿಕ್ಕಿಸಿ, ‘ಮುಂದಿನದನ್ನು ಕೊಂಡರೆ ಮಾತ್ರ ತಿಳಿಯುವುದು’ ಎಂದು ಅಂಗಡಿಗೆ ಓಡಿಸುವ ಪುಸ್ತಕ. ದೊಡ್ಡವರಾದ ನಾವು ಧಾರಾವಾಹಿಯಲ್ಲಿ ಆ ಕೊಕ್ಕೆಯನ್ನು ಇಷ್ಟಪಟ್ಟೇ ನುಂಗುತ್ತೇವೆ. ಅದು ನಮ್ಮ ಸುಖ. ಐದಾರು ವರ್ಷದ ಮಗುವಿಗೆ ಅದು ಬೇಡ. ಅದಕ್ಕೆ ಬೇಕಾದುದು ಈ ರಾತ್ರಿ ಮುಗಿಯುವ ಕಥೆ, ನಾಳೆ ಮರಳಿ ಬರುವ ಗೆಳೆಯ. ಅಧ್ಯಾಪಕಿಯವರಿಗೆ ಈ ಭೇದವನ್ನು ಹೇಳಿದಾಗ ಅವರು ಅರ್ಧ ಒಪ್ಪಿದರು. “ಗೆಳೆಯ ಮರಳಿ ಬರಲಿ, ಆದರೆ ಬರಿಗೈಯಲ್ಲಿ ಬರದಿರಲಿ” ಎಂದರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಹೆತ್ತವರ ಎದೆಯಲ್ಲಿ ಇನ್ನೂ ಒಂದು ಭಯ ಉಳಿದಿರುತ್ತದೆ: ಮಗು ಅಲ್ಲಿಯೇ ಅಂಟಿಕೊಂಡರೆ? ಹತ್ತು ವರ್ಷವಾದರೂ ಬಾಳೆಹಣ್ಣಿನ ಪುಸ್ತಕವನ್ನೇ ತಿರುವುತ್ತ ಕುಳಿತರೆ? ಆ ಭಯಕ್ಕೆ ಆ ಹುಡುಗಿಯೇ ಉತ್ತರ ಕೊಟ್ಟಳು. ಮಳೆಗಾಲ ಬರುವ ಹೊತ್ತಿಗೆ ಅವಳ ತಡವರಿಕೆ ಬಹುಮಟ್ಟಿಗೆ ಕಡಿಮೆಯಾಗಿತ್ತು. ಎಲ್ಲವೂ ಶ್ರೀನಿವಾಸನಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಶಾಲೆಯಲ್ಲಿ ಅವಳ ಅಧ್ಯಾಪಕಿ ಪಟ್ಟ ಶ್ರಮ ದೊಡ್ಡದು. ಆದರೆ ‘ನಾ ಹೋಗಾಕಿಲ್ಲ’ ಎಂಬ ಹಟ ನಿಂತದ್ದು ಈ ಪುಸ್ತಕಗಳ ದಿನಗಳಲ್ಲಿ. ಒಂದು ದಿನ ಅವಳು ಆ ಎರಡು ಪುಸ್ತಕಗಳನ್ನೂ ತಂದು ಬೀರುವಿನಲ್ಲಿ ಅವುಗಳ ಸ್ಥಳಕ್ಕೇ ಸೇರಿಸಿ, ನನ್ನ ಕಡೆ ತಿರುಗಿ, “ಇವನು ಸಾಕು ಸಾರ್. ಬ್ಯಾರೆ ಯಾರವ್ರೆ?” ಎಂದಳು.

ಮಗುವಿಗೆ ತೃಪ್ತಿಯಾಗುವುದು ಯಾವಾಗ ಎಂಬುದು ಮಗುವಿಗೇ ಗೊತ್ತು. ಉಂಡ ಮಗು ತಟ್ಟೆಯನ್ನು ತಾನೇ ದೂರ ಸರಿಸುತ್ತದೆ. ಉಣ್ಣುವ ಮೊದಲೇ ಸರಿಸಿದರೆ ಹಟ ಮಾಡುತ್ತದೆ. ‘ಇನ್ನೊಂದು ಬೇಕು’ ಎಂಬ ಮಾತು ದೊಡ್ಡವರ ಕಿವಿಗೆ ಹಳೆಯದರ ವ್ಯಾಮೋಹದಂತೆ ಕೇಳಿಸುತ್ತದೆ. ಆದರೆ ಪುಸ್ತಕವೆಂದರೆ ಎದ್ದು ಹೋಗುತ್ತಿದ್ದ ಮಗು ತಾನಾಗಿ ಬಂದು ಪುಸ್ತಕವೊಂದನ್ನು ಕೇಳಿತಲ್ಲ, ಆ ಮನೆಯಲ್ಲಿ ಅದಕ್ಕಿಂತ ಹೊಸ ಸುದ್ದಿ ಯಾವುದು? ಮುಂದಿನ ಸಲ ನಿಮ್ಮ ಮಗು ಹಾಗೆ ಕೇಳಿದಾಗ ಬೇಡವೆನ್ನುವ ಮೊದಲು ಆ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಕಥೆ ಪೂರ್ಣವಾಗಿದೆಯೇ, ಗೆಳೆಯನ ಕೈಯಲ್ಲಿ ಹೊಸದೇನಾದರೂ ಇದೆಯೇ, ನೀವೂ ಪಕ್ಕದಲ್ಲಿ ಕುಳಿತು ಒಂದು ಮಾತು ಆಡಬಹುದೇ ಎಂದು ನೋಡಿ. ಇದ್ದರೆ ಕೊಡಿ. ಎಷ್ಟು ಪುಸ್ತಕದವರೆಗೆ ಎಂಬ ಲೆಕ್ಕವನ್ನು ಮಗುವಿಗೇ ಬಿಡಿ.